ನಕ್ಷೆ ಇದ್ದ ಹಡಗು, ನಕ್ಷೆ ಇಲ್ಲದ ಹಡಗು

ಮರದ ಮಾದರಿ ಹಡಗು ಕಟ್ಟುವ ಹವ್ಯಾಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಒಂದು ಕಿಟ್. ಉದ್ದನೆಯ ಪೆಟ್ಟಿಗೆ. ಒಳಗೆ ಲೇಸರಿನಲ್ಲಿ ಕತ್ತರಿಸಿದ ಪ್ಲೈವುಡ್ ತುಂಡುಗಳು, ಬೆರಳಿಗಿಂತ ಕಿರಿದಾದ ಮರದ ಪಟ್ಟಿಗಳ ಕಟ್ಟು, ನೂಲಿನ ಉಂಡೆಗಳು, ಹಿತ್ತಾಳೆಯ ಪುಟಾಣಿ ತೋಪುಗಳು, ಎಲ್ಲದರ ಅಡಿಯಲ್ಲಿ ಮಡಿಸಿಟ್ಟ ಒಂದು ದೊಡ್ಡ ನಕ್ಷೆ. ಮುಂಬಯಿಯಲ್ಲಿ ಕೂತು ತರಿಸಿದರೂ ಚೆನ್ನೈಯಲ್ಲಿ ಕೂತು ತರಿಸಿದರೂ ಪೆಟ್ಟಿಗೆಯ ಮೇಲೆ ಮತ್ತೆ ಮತ್ತೆ ಕಾಣುವುದು ಅದೇ ಕೆಲವು ಹೆಸರುಗಳು: ನೆಲ್ಸನ್ನನ ವಿಕ್ಟರಿ, ದಂಗೆಯ ಕಥೆಯ ಬೌಂಟಿ, ಅಮೆರಿಕದ ಕಾನ್‌ಸ್ಟಿಟ್ಯೂಷನ್. ಕಾರವಾರದ ಮಚ್ವೆಯಾಗಲಿ, ಮಂಗಳೂರಿನ ಮಂಜಿಯಾಗಲಿ, ಇಡೀ ಪಶ್ಚಿಮ ಕರಾವಳಿಗೆ ಅಕ್ಕಿ, ಉಪ್ಪು, ಹೆಂಚು ಹೊತ್ತ ಪತ್ತೆಮಾರಿಯಾಗಲಿ ಹೀಗೆ ಪೆಟ್ಟಿಗೆಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಬ್ರಿಟಿಷರು ಆಳಿದರು, ಅದಕ್ಕೇ ಹೀಗೆ ಎಂದುಬಿಡುವುದು ಸುಲಭ. ಅದು ಅರ್ಧ ನಿಜ. ಉಳಿದರ್ಧ ಪೆಟ್ಟಿಗೆಯ ತಳದ ಆ ಕಾಗದದಲ್ಲಿದೆ.

ಮಾದರಿ ಹಡಗನ್ನು ಮುಂದಿಟ್ಟುಕೊಂಡು ಹಡಗನ್ನು ಕಲಿತ ಹೊಸಬರಲ್ಲಿ ನನಗೆ ತುಂಬ ಇಷ್ಟವಾದವನು ಸ್ಯಾಮ್ಯುಯೆಲ್ ಪೀಪ್ಸ್. ಲಂಡನ್ನಿನ ದರ್ಜಿಯ ಮಗ. 1660ರಲ್ಲಿ ದೊಡ್ಡ ಮನೆತನದ ನೆಂಟನೊಬ್ಬನ ವಶೀಲಿಯಿಂದ ಇಂಗ್ಲೆಂಡಿನ ನೌಕಾ ಮಂಡಳಿಯಲ್ಲಿ ಕೆಲಸ ಹಿಡಿದ. ಹಡಗಿನ ವಿಷಯ ಒಂದಿಷ್ಟೂ ತಿಳಿಯದು. ಮಂಡಳಿಗೆ ಮರ ಮಾರುವವರು, ಹಗ್ಗ ಮಾರುವವರು, ದಕ್ಕೆಯ ಅಧಿಕಾರಿಗಳು ಎಲ್ಲರೂ ತನ್ನ ಕಣ್ಣೆದುರೇ ಸರಕಾರದ ದುಡ್ಡು ತಿನ್ನುತ್ತಿದ್ದಾರೆ ಎಂಬ ಗುಮಾನಿ ಬೇರೆ. 1662ರ ಬೇಸಿಗೆಯಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ, ಕೂಪರ್ ಎಂಬ ನಾವಿಕನನ್ನು ಗೊತ್ತುಮಾಡಿಕೊಂಡು ಮೊದಲು ಮಗ್ಗಿ ಕಲಿತ! ಬೆಳಗಿನ ಜಾವಕ್ಕೆದ್ದು ಮಗ್ಗಿ ಉರುಹೊಡೆದದ್ದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಆಮೇಲೆ ಅದೇ ಕೂಪರ್ ಒಂದು ಮಾದರಿ ಹಡಗನ್ನು ಮುಂದಿಟ್ಟು ಯಾವ ಮರಕ್ಕೆ ಏನು ಹೆಸರು, ಯಾವ ಹಗ್ಗ ಯಾವುದನ್ನು ಎಳೆಯುತ್ತದೆ ಎಂದು ತೋರಿಸಿಕೊಟ್ಟ. ಅದೇ ವರ್ಷ ವುಲಿಚ್ ದಕ್ಕೆಯ ಆಂಟನಿ ಡೀನ್ ಎಂಬ ಹಡಗು ಬಡಗಿ ಮರ ಅಳೆಯುವುದನ್ನು ಕಲಿಸಿದ, ಒಂದು ಮಾದರಿಯನ್ನೂ ಉಡುಗೊರೆಯಾಗಿ ಕಳಿಸಿದ. ಅದರ ಚೆಂದ ನೋಡಿ ಪೀಪ್ಸ್ ದಂಗಾದ. ಕೆಲಸ ಸಿಕ್ಕಮೇಲೆ ಕೆಲಸ ಕಲಿಯುವ ಫಜೀತಿ ನಮ್ಮಂಥ ಊರುಬಿಟ್ಟ ನೌಕರರಿಗೆ ಹೊಸದೇನಲ್ಲ. ಪೀಪ್ಸ್ ಮಾತ್ರ ಹಾಗೆ ಕಲಿತೇ ಮುಂದೆ ಆ ನೌಕಾಪಡೆಯ ಆಡಳಿತವನ್ನೆಲ್ಲ ತಿದ್ದಿದ.

ಆ ಕಾಲದ ಮಾದರಿಗಳು ಆಟಿಕೆಗಳಲ್ಲ. ಒಂದು ಅಡಿಗೆ ಕಾಲು ಇಂಚು, ಎಂದರೆ 1:48ರ ಅಳತೆಯಲ್ಲಿ ಕಟ್ಟಿದ ಇಂಥ ಹಡಗುಗಳಿಗೆ ನೇವಿ ಬೋರ್ಡ್ ಮಾದರಿಗಳು ಎಂದೇ ಹೆಸರು. ನೀರಿನೊಳಗೆ ಮುಳುಗುವ ಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳು ಕಾಣುವಂತೆ ಬಿಡುತ್ತಿದ್ದರು. ಮಾದರಿ, ನಕ್ಷೆ, ಪತ್ರ ಇವು ಮೂರೂ ಸೇರಿ ಹಡಗನ್ನು ಸಮುದ್ರತೀರದಿಂದ ಎತ್ತಿ ಕಚೇರಿಯ ಮೇಜಿಗೆ ತಂದವು. ಒಮ್ಮೆ ಮೇಜಿಗೆ ಬಂದದ್ದನ್ನು ಇನ್ನೊಂದು ಊರಿಗೆ ಕಳಿಸಬಹುದು, ನಕಲು ಮಾಡಿಸಬಹುದು, ಇನ್ನೂರು ವರ್ಷಗಳ ನಂತರ ಕಿಟ್ ಕಂಪನಿಯವರು ತೆಗೆದು ನೋಡಲೂಬಹುದು.

ಕಳಿಸಬಹುದು ಎಂದೆನಲ್ಲ, ಅದರ ಕಥೆ ಮುಂಬಯಿಗೇ ಸೇರಿದ್ದು. ಬ್ರಿಟಿಷರು 1782ರಲ್ಲಿ ಎಬೆ ಎಂಬ ಫ್ರೆಂಚ್ ಹಡಗನ್ನು ಹಿಡಿದರು. ಚೆನ್ನಾಗಿ ಓಡುವ ಹಡಗು. ಅದರ ಮೈಯನ್ನು ಅಂಗುಲ ಅಂಗುಲವಾಗಿ ಅಳೆದು ನಕ್ಷೆಗೆ ಇಳಿಸಿದರು. ಸೆರೆಸಿಕ್ಕ ಹಡಗುಗಳನ್ನು ಹೀಗೆ ಅಳೆದಿಡುವುದು ಅವರ ರೂಢಿ. ಆ ನಕ್ಷೆಯಿಂದ ಲೀಡಾ ಎಂಬ ಮಾದರಿಯ ಯುದ್ಧನೌಕೆಗಳು ಸಾಲಾಗಿ ಹುಟ್ಟಿದವು. ನೆಪೋಲಿಯನ್ ಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ. ಮುಂಬಯಿ ದಕ್ಕೆಯಲ್ಲಾದರೆ ತೇಗವಿದೆ, ವಾಡಿಯಾಗಳಿದ್ದಾರೆ. 1736ರಲ್ಲಿ ಸೂರತ್ತಿನಿಂದ ಬಂದ ಲವ್‌ಜಿ ನಸರವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿಯ ವಂಶದವರೇ ತಲೆತಲಾಂತರ ಅಲ್ಲಿ ಮುಖ್ಯ ಹಡಗು ನಿರ್ಮಾಪಕರು. ಲೀಡಾ ಮಾದರಿಯ ಒಂದು ಹಡಗನ್ನು ಅಲ್ಲಿ ಕಟ್ಟಿಸುವುದೆಂದು ನಿಶ್ಚಯವಾಗಿ ನಕ್ಷೆಗಳು ಜಾವಾ ಎಂಬ ಹಡಗಿನಲ್ಲಿ ಹೊರಟವು.

ಜಾವಾ ಮುಂಬಯಿ ತಲುಪಲಿಲ್ಲ. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಹಡಗೊಂದು ಅದನ್ನು ಹೊಡೆದು ಚಿಂದಿಮಾಡಿತು, ಆಮೇಲೆ ಸುಟ್ಟುಹಾಕಲಾಯಿತು. ಹೊಡೆದ ಹಡಗು ಯಾವುದು ಅಂತೀರಿ? ಕಾನ್‌ಸ್ಟಿಟ್ಯೂಷನ್. ನಮ್ಮ ಕಿಟ್ ಪೆಟ್ಟಿಗೆಯ ಅದೇ ಕಾನ್‌ಸ್ಟಿಟ್ಯೂಷನ್! ಕಾಳಗದಲ್ಲಿ ಅದರ ಚುಕ್ಕಾಣಿ ಚಕ್ರ ಹಾರಿಹೋಗಿತ್ತು; ಜಾವಾದ ಚಕ್ರವನ್ನು ಕಿತ್ತು ತನಗೆ ಕೂಡಿಸಿಕೊಂಡಿತು. ಕಿಟ್ ಕಟ್ಟುವವರು ಇಕ್ಕಳದಲ್ಲಿ ಆ ಪುಟ್ಟ ಚಕ್ರವನ್ನು ಹಿಡಿದು ಗೋಂದು ಹಚ್ಚುವಾಗ, ಅದು ಮುಂಬಯಿಗೆ ಬರಬೇಕಾಗಿದ್ದ ಹಡಗಿನ ಚಕ್ರ ಎಂದು ಎಷ್ಟು ಜನಕ್ಕೆ ಗೊತ್ತಿರುತ್ತದೋ.

ನಕ್ಷೆ ಹೋದರೂ ಹಡಗು ಹೋಗಲಿಲ್ಲ, ಏಕೆಂದರೆ ನಕ್ಷೆಗೆ ಇನ್ನೊಂದು ಪ್ರತಿ ಮಾಡಬಹುದಿತ್ತು. ಮತ್ತೆ ಬಂದ ಕಾಗದಗಳನ್ನು ಹಿಡಿದು ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಕೆಲಸ ಶುರುಮಾಡಿದರು. ಪಾರ್ಸಿ ಪದ್ಧತಿಯಂತೆ ತಳದ ಬೆನ್ನುಮರಕ್ಕೆ ಬೆಳ್ಳಿ ಮೊಳೆ ಹೊಡೆದರು. 1817ರ ಅಕ್ಟೋಬರ್ 12ರಂದು ಟ್ರಿಂಕೋಮಲಿ ನೀರಿಗಿಳಿಯಿತು. ಯುದ್ಧ ಮುಗಿದುಹೋಗಿತ್ತು, ಅದು ಬೇರೆ ಮಾತು. ಇವತ್ತು ಅದು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಫೋರ್ಟಿನ ಲಯನ್ ಗೇಟ್ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುವ ನಮ್ಮವರಲ್ಲಿ ಆ ಗೋಡೆಯಾಚೆಗಿನ ದಕ್ಕೆಯನ್ನು ಕಂಡವರು ಕಡಿಮೆ. ನೌಕಾಪಡೆಯ ಜಾಗ, ಸುಮ್ಮನೆ ಒಳಗೆ ಬಿಡುವುದಿಲ್ಲ.

ತೇಗದ ಮಾತು ಬಂತು. ದಕ್ಕೆಗೆ ಮರ ಬೇಕೆಂದು ಕಂಪನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಮಲಬಾರ್ ಕಡೆಯ ಕಾಡುಗಳಿಗೆ ಸಂರಕ್ಷಕನನ್ನಾಗಿ ನೇಮಿಸಿತು. ಸಂರಕ್ಷಣೆ ಎಂದರೆ ಇಲ್ಲಿ ದಕ್ಕೆಗಾಗಿ ಕಾಯ್ದಿಡುವುದು. ಮರದ ವ್ಯಾಪಾರಿಗಳೂ ರೈತರೂ ರೋಸಿಹೋದರು. ಕೊನೆಗೆ 1823ರಲ್ಲಿ ಆ ಹುದ್ದೆಯನ್ನು ರದ್ದುಮಾಡಿದವನು ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, ಟಿಪ್ಪು ಬಿದ್ದ ಮೇಲೆ ನಮ್ಮ ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದಿದ್ದ ಅದೇ ಮನ್ರೋ. ಅಂದಹಾಗೆ, ಮಾದರಿ ಕಟ್ಟುವವರು ತೇಗ ಮುಟ್ಟುವುದು ಅಪರೂಪ. ಅದರ ನಾರು ದಪ್ಪ. ಸಣ್ಣ ಅಳತೆಯಲ್ಲಿ ಒಂದೊಂದು ಗೆರೆಯೂ ಹಗ್ಗದಷ್ಟು ದಪ್ಪ ಕಾಣುತ್ತದೆ. ಪೇರ್ ಮರ, ಬಾಕ್ಸ್ ಮರದಂಥ ಸಣ್ಣ ನಾರಿನವೇ ಬೇಕು. ನಮ್ಮಲ್ಲಿ ಚನ್ನಪಟ್ಟಣದ ಬೊಂಬೆಯ ಆಲೆಮರ ಇದಕ್ಕೆ ಹೇಳಿಮಾಡಿಸಿದಂತಿದೆ ಎಂಬುದು ನನ್ನ ಅನಿಸಿಕೆ.

ಈಗ ಮಂಜಿಗೆ ಬರೋಣ. ಕಿಟ್ಟಿನಲ್ಲಿ ಮೊದಲು ಬೆನ್ನುಮರ, ಅದಕ್ಕೆ ಅಡ್ಡಲಾಗಿ ಪಕ್ಕೆಲುಬಿನಂತೆ ಪ್ಲೈವುಡ್ ತುಂಡುಗಳು, ಆಮೇಲೆ ನೀರಿನಲ್ಲಿ ನೆನೆಸಿ ಬಗ್ಗಿಸಿದ ಪಟ್ಟಿಗಳ ಹೊದಿಕೆ. ಹಡಗಿನ ಆಕಾರವೆಲ್ಲ ಪಕ್ಕೆಲುಬಿನಲ್ಲಿದೆ, ಪಕ್ಕೆಲುಬಿನ ಆಕಾರ ನಕ್ಷೆಯಲ್ಲಿದೆ. ನಮ್ಮ ಕರಾವಳಿಯ ಹಳೆಯ ಕ್ರಮ ಇದಕ್ಕೆ ತಿರುಗುಮುರುಗು. ಬೇಪೂರಿನ ಉರು ಕಟ್ಟುವವರನ್ನು ನೋಡಿದರೆ ತಿಳಿಯುತ್ತದೆ: ಬೆನ್ನುಮರದಿಂದ ಹಲಗೆಗೆ ಹಲಗೆ ಜೋಡಿಸುತ್ತ ಮೇಲೇಳುತ್ತಾರೆ, ಪಕ್ಕೆಲುಬು ಆಮೇಲೆ ಒಳಗಿನಿಂದ ಬರುತ್ತದೆ. ಆಕಾರ ಇರುವುದು ಹಲಗೆಯ ಬಾಗಿನಲ್ಲಿ, ಆ ಬಾಗು ಇರುವುದು ಮೇಸ್ತ್ರಿಯ ಕಣ್ಣಿನಲ್ಲಿ. ಕಾಗದ ಬೇಕಾಗಿಯೇ ಇರಲಿಲ್ಲ. ಇದು ಕೊರತೆಯಲ್ಲ, ಬೇರೆಯೇ ಜಾಣ್ಮೆ. ಆದರೆ ಮೇಸ್ತ್ರಿಯ ಮಗ ಗಲ್ಫಿಗೋ ಬೆಂಗಳೂರಿಗೋ ಹೋದ ದಿನ ಆ ಹಡಗಿನ ಎರಡನೆಯ ಪ್ರತಿ ಎಲ್ಲಿಂದ ಬರಬೇಕು? ಟ್ರಿಂಕೋಮಲಿಗೆ ಬಂತಲ್ಲ, ಹಾಗೆ?

ಅಳೆದವನೊಬ್ಬನಿದ್ದ. ಫ್ರೆಂಚ್ ನೌಕಾಪಡೆಯ ಫ್ರಾಂಸ್ವಾ ಎಡ್ಮಂಡ್ ಪಾರಿ. 1806ರಲ್ಲಿ ಹುಟ್ಟಿದವನು. ಲೋಕ ಸುತ್ತುವ ಯಾನಗಳಲ್ಲಿ ಹಡಗು ನಿಂತ ಬಂದರಿನಲ್ಲೆಲ್ಲ ಅಲ್ಲಿಯ ದೋಣಿಗಳನ್ನು ಅಳೆದು ಬರೆದುಕೊಳ್ಳುವುದೇ ಅವನ ಗೀಳು. ಭಾರತದಲ್ಲಿದ್ದಾಗ ಯಂತ್ರಕ್ಕೆ ಸಿಕ್ಕಿ ಎಡಗೈ ಹೋಯಿತು, ಅಳೆಯುವುದು ನಿಲ್ಲಲಿಲ್ಲ. 1840ರ ದಶಕದಲ್ಲಿ ಅದನ್ನೆಲ್ಲ ದೊಡ್ಡ ಪುಸ್ತಕವಾಗಿ ಅಚ್ಚುಹಾಕಿದ. ಅದರಲ್ಲಿ ನಮ್ಮ ಪತ್ತೆಮಾರಿಯೂ ಇದೆ. 1871ರಿಂದ 1893ರಲ್ಲಿ ಸಾಯುವವರೆಗೆ ಪ್ಯಾರಿಸ್ಸಿನ ನೌಕಾ ಸಂಗ್ರಹಾಲಯದ ಮುಖ್ಯಸ್ಥನಾಗಿದ್ದು, ತನ್ನ ನಕ್ಷೆಗಳಿಂದ ಮಾದರಿಗಳನ್ನು ಕಟ್ಟಿಸಿ ಅಲ್ಲಿಟ್ಟ.

ಪತ್ತೆಮಾರಿಗಳು ಹೋದವು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳನ್ನು, ಈಗ ಅವಕ್ಕೆ ಎಂಜಿನ್ ಬಂದಿದ್ದರೂ, ನಮ್ಮ ಕಾಲದಲ್ಲೇ ಕಂಡಿದ್ದೇವೆ. ಮಳೆಗಾಲದಲ್ಲಿ ಅವು ಕಡಲಿಗೆ ಇಳಿಯುವುದಿಲ್ಲ. ರಜೆಗೆ ಊರಿಗೆ ಹೋಗುವ, ಮಾದರಿ ಕಟ್ಟುವ ಚಪಲವಿರುವ ಯಾರಿಗಾದರೂ ಅದು ತಕ್ಕ ಸಮಯ. ದೊಡ್ಡ ಉಪಕರಣ ಬೇಡ: ಅಳತೆ ಟೇಪು, ಉದ್ದನೆಯ ದಾರ, ಗಾರೆಯವರ ತೂಗುಗುಂಡು, ನೀರುಮಟ್ಟದ ಕೊಳವೆ. ಬದಿಗೆ ಸಮಾನಾಂತರವಾಗಿ ದಾರ ಕಟ್ಟಿ, ಮೀಟರಿಗೊಂದರಂತೆ ಗುರುತು ಹಾಕಿ, ಒಂದೊಂದು ಗುರುತಿನಿಂದಲೂ ಬೇರೆ ಬೇರೆ ಎತ್ತರದಲ್ಲಿ ಹಲಗೆಯವರೆಗಿನ ದೂರ ಬರೆದುಕೊಳ್ಳುತ್ತ ಹೋಗಬೇಕು. ಎಬೆಯನ್ನೂ ಪತ್ತೆಮಾರಿಯನ್ನೂ ಕಾಗದಕ್ಕಿಳಿಸಿದ್ದು ಇಂಥ ಲೆಕ್ಕವೇ. 18 ಮೀಟರ್ ಉದ್ದದ ಮಂಜಿ 1:24ರ ಅಳತೆಯಲ್ಲಿ 75 ಸೆಂಟಿಮೀಟರ್ ಆಗುತ್ತದೆ, ಮುಂಬಯಿಯ ಫ್ಲ್ಯಾಟಿನ ಕಪಾಟಿನ ಮೇಲೂ ಹಿಡಿಸುತ್ತದೆ. ಅಳೆಯುವಾಗ ಮೇಸ್ತ್ರಿಯನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಒಂದೊಂದು ಮರಕ್ಕೆ ಅವರು ಹೇಳುವ ಹೆಸರು ತುಳುವೋ ಕೊಂಕಣಿಯೋ ಮಲಯಾಳವೋ ಬ್ಯಾರಿಯೋ ಆಗಿರಬಹುದು. ಅದನ್ನು ಅಂಕಿಯ ಪಕ್ಕದಲ್ಲೇ ಬರೆದುಕೊಳ್ಳಿ.