ಕಾರ್ಮಿಕರ ರಾಜ್ಯ ವಿಮೆಯಲ್ಲಿ ಇಬ್ಬಗೆಯ ಆಡಳಿತ: ಅದರ ಮೂಲವಿಚಾರ

ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು 1948ರ ಏಪ್ರಿಲ್ 19ರಂದು ಅಂಗೀಕಾರವನ್ನು ಪಡೆಯಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಸಾಮಾಜಿಕ ವಿಮೆಯ ಶಾಸನವೆಂದು ಇದು ಗಣ್ಯವಾಗಿದೆ. ಈ ಹೆಸರಿನಲ್ಲಿರುವ ‘ರಾಜ್ಯ’ಶಬ್ದವು ಕನ್ನಡದ ವಾಚಕರಿಗೆ ಸ್ವಲ್ಪ ಭ್ರಾಂತಿಯನ್ನುಂಟುಮಾಡತಕ್ಕುದು. ಮೂಲದಲ್ಲಿ ಅದಕ್ಕೆ ಪ್ರಭುತ್ವವೆಂಬುದೇ ಅರ್ಥವಲ್ಲದೆ ಮೈಸೂರು, ಮದರಾಸು ಮೊದಲಾದ ಘಟಕರಾಜ್ಯವೆಂದಲ್ಲ. ಏಕೆಂದರೆ ವಿಮೆಯ ನಿಧಿಯು ಇಡೀ ದೇಶಕ್ಕೆ ಒಂದೇ ಆಗಿದ್ದು ಕೇಂದ್ರದ ನಿಗಮದ ವಶದಲ್ಲಿತ್ತು. ಆದರೂ ರೋಗಿಯಾದ ಕಾರ್ಮಿಕನು ಬಾಗಿಲು ತಟ್ಟಿದ ಔಷಧಾಲಯವು ಬಹುಮಟ್ಟಿಗೆ ಘಟಕರಾಜ್ಯದ್ದೇ. ಹೀಗಾಗಿ ಶಬ್ದದ ಈ ದ್ವ್ಯರ್ಥವು ಆಡಳಿತದ ಸ್ವರೂಪಕ್ಕೂ ಸಲ್ಲುವಂತಾಗಿದೆ.

ಈ ಇಬ್ಬಗೆಯು ಅನಂತರ ಬಂದ ಅವ್ಯವಸ್ಥೆಯ ಫಲವೆಂದು ಭಾವಿಸುವುದುಂಟು. ಅದು ಸರಿಯೆಂದು ತೋರುವುದಿಲ್ಲ. ಅದರ ಬೀಜವು 1935ರ ಇಂಡಿಯಾ ಸರ್ಕಾರದ ಕಾಯಿದೆಯಲ್ಲೇ ಇದೆ. ಅಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳು ಪ್ರಾಂತಗಳ ಪಟ್ಟಿಗೆ ಸೇರಿದ್ದುವು. ಆರೋಗ್ಯ ವಿಮೆಯಾದರೋ ಉಭಯರಿಗೂ ಅಧಿಕಾರವಿದ್ದ ಪಟ್ಟಿಯಲ್ಲಿತ್ತು. ಸಂವಿಧಾನದ ಏಳನೆಯ ಅನುಸೂಚಿಯೂ ಇದೇ ಜಾಡನ್ನು ಹಿಡಿದು, ಆಸ್ಪತ್ರೆಗಳನ್ನು ರಾಜ್ಯಗಳಿಗೆ ಬಿಟ್ಟು ಸಾಮಾಜಿಕ ವಿಮೆಯನ್ನು ಸಮವರ್ತಿ ಪಟ್ಟಿಯಲ್ಲಿರಿಸಿತು. ಹಣ ಕೂಡಿಸುವ ಅಧಿಕಾರವು ಒಂದೆಡೆ, ಮದ್ದು ಕೊಡುವ ಅಧಿಕಾರವು ಇನ್ನೊಂದೆಡೆ. ಇವೆರಡನ್ನು ಕೂಡಿಸುವ ಬೆಸುಗೆಯನ್ನು ಶಾಸನಕರ್ತರು ಬೇರೆಯಾಗಿಯೇ ಹುಡುಕಬೇಕಾಯಿತು.

ಕಾಯಿಲೆಯ ವಿಮೆಯ ಪ್ರಸ್ತಾಪವು ಇದಕ್ಕಿಂತಲೂ ಹಳೆಯದು. 1927ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಈ ಬಗೆಗೆ ಒಡಂಬಡಿಕೆಗಳನ್ನು ಅಂಗೀಕರಿಸಿದಾಗ ಇಂಡಿಯಾ ಅವಕ್ಕೆ ಒಳಪಡಲಿಲ್ಲ. 1929ರಲ್ಲಿ ನಿಯುಕ್ತವಾದ ರಾಯಲ್ ಕಮಿಷನ್ನು 1931ರ ವರದಿಯಲ್ಲಿ ವಿಷಯವನ್ನು ಮತ್ತೆ ಎತ್ತಿತು. ಕಾರ್ಯರೂಪದ ಯೋಜನೆ ಹುಟ್ಟಿದುದು ಯುದ್ಧಕಾಲದಲ್ಲಿ. 1943ರ ಮಾರ್ಚಿಯಲ್ಲಿ ಪ್ರೊಫೆಸರ್ ಬಿ. ಪಿ. ಆಡಾರಕರರನ್ನು ಸರ್ಕಾರವು ಈ ಕಾರ್ಯಕ್ಕೆ ನಿಯಮಿಸಿತು. 1944ರ ಆಗಸ್ಟಿನಲ್ಲಿ ಅವರು ವರದಿಯನ್ನೊಪ್ಪಿಸಿದರು. ಜವಳಿ, ಎಂಜಿನಿಯರಿಂಗ್, ಖನಿಜ ಮತ್ತು ಲೋಹದ ಉದ್ಯಮಗಳನ್ನು ಮಾತ್ರ ಅವರು ಗಣನೆಗೆ ತಂದುಕೊಂಡಿದ್ದರು. ಅದನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಕಚೇರಿಯ ತಜ್ಞರಾದ ಸ್ಟ್ಯಾಕ್ ಮತ್ತು ರಾವ್ ಎಂಬವರು ಮೂಲತತ್ತ್ವಗಳನ್ನು ಒಪ್ಪಿಕೊಂಡು ಕೆಲವು ಮಾರ್ಪಾಡುಗಳನ್ನು ಸೂಚಿಸಿದರು. ಯೋಜನೆಯನ್ನು ವರ್ಷವಿಡೀ ನಡೆಯುವ ಎಲ್ಲ ಕಾರ್ಖಾನೆಗಳಿಗೂ ಹಬ್ಬಿಸಬೇಕೆಂಬುದು ಒಂದು. ಪ್ರಕೃತಕ್ಕೆ ಮುಖ್ಯವಾದುದು ಇನ್ನೊಂದು: ನಗದು ಭತ್ಯದ ಆಡಳಿತವನ್ನೂ ವೈದ್ಯೋಪಚಾರದ ಆಡಳಿತವನ್ನೂ ಬೇರ್ಪಡಿಸಬೇಕೆಂಬುದು. ಇಬ್ಬಗೆಯ ಆಡಳಿತವು ಬುದ್ಧಿಪೂರ್ವಕವಾಗಿ ಆರಿಸಿದ ಮಾರ್ಗವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗದು.

ತಾಮ್ರಪಟಗಳನ್ನು ಓದಿ ಬಲ್ಲವರು ಈ ಕಾಯಿದೆಯ 58ನೆಯ ಪ್ರಕರಣವನ್ನು ಅದೇ ಎಚ್ಚರದಿಂದ ಓದಬೇಕು. ದತ್ತಿಯ ಒಕ್ಕಣೆಗಿಂತ ಅದರ ಕಟ್ಟುಪಾಡುಗಳಲ್ಲಿಯೇ ಅಲ್ಲವೆ ವಾಸ್ತವಸ್ಥಿತಿ ಹೊರಬೀಳುವುದು! ವಿಮೆಗೊಳಪಟ್ಟವರಿಗೆ ರಾಜ್ಯ ಸರ್ಕಾರವು ಚಿಕಿತ್ಸೆಯನ್ನೊದಗಿಸತಕ್ಕದ್ದೆಂದು ಮೊದಲ ವಿಧಿ. ಚಿಕಿತ್ಸೆಯ ಸ್ವರೂಪ, ಪ್ರಮಾಣ, ವೆಚ್ಚದ ಹಂಚಿಕೆಗಳನ್ನು ನಿಗಮವೂ ರಾಜ್ಯವೂ ಒಪ್ಪಂದದಿಂದ ಗೊತ್ತುಮಾಡಿಕೊಳ್ಳಬೇಕು. ಒಪ್ಪಂದವೇರ್ಪಡದಿದ್ದರೆ ಹೈಕೋರ್ಟಿನ ನ್ಯಾಯಾಧೀಶರಾಗಿರುವ ಅಥವಾ ಆಗಿದ್ದ ಒಬ್ಬ ಪಂಚಾಯಿತದಾರನನ್ನು ಭಾರತದ ಮುಖ್ಯ ನ್ಯಾಯಾಧೀಶರು ನಿಯಮಿಸತಕ್ಕದ್ದು. ಆತನ ತೀರ್ಪು ಇಬ್ಬರನ್ನೂ ಕಟ್ಟುವುದು. ಇಷ್ಟು ಸಾಮಾನ್ಯ ರೀತಿಯದೇ. ವಿಶೇಷವು ನಡುವಿನ ಒಂದು ವಿಧಿಯಲ್ಲಿದೆ. ಯಾವುದಾದರೂ ರಾಜ್ಯದಲ್ಲಿ ಕಾಯಿಲೆಯ ಭತ್ಯದ ಪ್ರಮಾಣವು ಅಖಿಲ ಭಾರತದ ಸರಾಸರಿಯನ್ನು ಮೀರಿದರೆ, ಆ ಮೀರಿದ ಮೊತ್ತದಲ್ಲಿಯೂ ರಾಜ್ಯವು ಪಾಲು ಕೊಡಬೇಕು.

ಇದರ ಮರ್ಮವೇನು? ಕಾಯಿಲೆಯಾದವನಿಗೆ ಸುಮಾರು ಅರ್ಧಕೂಲಿಯನ್ನು ಭತ್ಯವಾಗಿ ಕೊಡುತ್ತಿದ್ದುದು ನಿಗಮ. ಆದರೆ ಅವನು ನಿಜವಾಗಿ ಕಾಯಿಲೆಯವನೆಂದು ಪತ್ರ ಬರೆದುಕೊಡುತ್ತಿದ್ದುದು ರಾಜ್ಯದ ವೈದ್ಯ. ಕೈ ಸಡಿಲವಾದರೆ ನಷ್ಟವು ಕೇಂದ್ರದ ನಿಧಿಗೆ. ಚಿಕಿತ್ಸೆ ಕೆಟ್ಟು ರೋಗವು ಬೆಳೆದರೂ ಹಾಗೆಯೇ. ಆದುದರಿಂದ ವೈದ್ಯನ ಲೇಖನಿಯನ್ನು ಅವನ ಒಡೆಯನ ಬೊಕ್ಕಸಕ್ಕೆ ಕಟ್ಟಿಹಾಕಿದರು. ಉಪಾಯವೇನೋ ಚತುರವಾದುದು. ಆದರೆ ರೋಗಬಾಹುಳ್ಯಕ್ಕೆ ಕಾರಣವು ವೈದ್ಯನ ಔದಾರ್ಯವೋ, ಗಿರಣಿಯ ಧೂಳೋ, ವಾಸದ ಕೊಂಪೆಯೋ ಎಂಬುದನ್ನು ಸರಾಸರಿಯ ಅಂಕೆಯು ಹೇಳಲಾರದು. ನಿಜವಾಗಿ ರೋಗಪೀಡಿತವಾದ ನಗರವುಳ್ಳ ರಾಜ್ಯಕ್ಕೂ ಇದೇ ದಂಡ ಬೀಳುವ ಸಂಭವವಿತ್ತು. ಶಾಸನಕರ್ತರಿಗೂ ಈ ಶಂಕೆ ಇದ್ದಿರಬೇಕು. ವಸೂಲಿಯನ್ನು ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಬಿಟ್ಟುಕೊಡುವ ಅಧಿಕಾರವನ್ನು ಅಲ್ಲಿಯೇ ನಿಗಮಕ್ಕೆ ಕೊಟ್ಟಿದ್ದಾರೆ.

ಕಾಯಿದೆಯಾದ ಸುಮಾರು ನಾಲ್ಕು ವರ್ಷಗಳ ಮೇಲೆ, 1952ರ ಫೆಬ್ರುವರಿ 24ರಂದು, ಕಾನ್ಪುರದಲ್ಲಿ ಜವಾಹರಲಾಲ ನೆಹರೂ ಅವರು ಯೋಜನೆಯನ್ನು ಉದ್ಘಾಟಿಸಿದರು. ಅದು ದೆಹಲಿಯಲ್ಲಿಯೂ ಆಗಲೇ ಮೊದಲಾಯಿತು. ಒಂದೆರಡು ಊರುಗಳ ಮಾಲಿಕರು ಮಾತ್ರ ವಂತಿಗೆ ತೆತ್ತರೆ ಮಿಕ್ಕ ಊರುಗಳವರೊಡನೆ ಸ್ಪರ್ಧಿಸುವುದೆಂತು ಎಂಬ ಆಕ್ಷೇಪವಿದ್ದುದರಿಂದ, 1951ರ ತಿದ್ದುಪಡಿಯು ಯೋಜನೆ ಕಾಲಿಡದ ಪ್ರದೇಶಗಳ ಮಾಲಿಕರಿಂದಲೂ ಕಡಮೆ ದರದ ವಿಶೇಷ ವಂತಿಗೆಯನ್ನು ಎತ್ತಲು ಅವಕಾಶ ಕಲ್ಪಿಸಿತ್ತು. ಬೆಂಗಳೂರಿಗೆ ಯೋಜನೆ ಬಂದುದು 1958ರಲ್ಲಿ.

ವೆಚ್ಚದ ಹಂಚಿಕೆಯು ಕಾಲಕ್ರಮದಲ್ಲಿ ನಿಗಮಕ್ಕೆ ಎಂಟರಲ್ಲಿ ಏಳು ಪಾಲು, ರಾಜ್ಯಕ್ಕೆ ಒಂದು ಪಾಲು ಎಂದು ನೆಲೆಗೊಂಡಿತು. ತಲೆಯೊಂದಕ್ಕೆ ಇಷ್ಟೆಂದು ನಿಗಮವು ಮಿತಿ ಹಾಕುತ್ತಿತ್ತು. ಮಿತಿಯನ್ನು ಮೀರಿದುದೆಲ್ಲವೂ ರಾಜ್ಯದ ತಲೆಯ ಮೇಲೆ. ಇದರ ಪರಿಣಾಮವು ಊಹಿಸತಕ್ಕದ್ದೇ. ಬಹುಭಾಗ ಹಣ ಕೊಡುತ್ತಿದ್ದವನಿಗೆ ವೈದ್ಯರನ್ನು ನೇಮಿಸುವ, ವರ್ಗಾಯಿಸುವ, ಶಿಕ್ಷಿಸುವ ಅಧಿಕಾರವಿರಲಿಲ್ಲ. ಅಧಿಕಾರವಿದ್ದವನಿಗೆ ಎಂಟನೆಯ ಒಂದು ಪಾಲಿನಷ್ಟೇ ಹೊಣೆ. ಔಷಧವಿಲ್ಲವೆಂದು ದೂರುವ ಕಾರ್ಮಿಕನಿಗೆ ಉತ್ತರ ಕೊಡಬೇಕಾದವರು ಯಾರೆಂಬುದು ಸುಲಭವಾಗಿ ತೀರುವ ಪ್ರಶ್ನೆಯಾಗಿರಲಿಲ್ಲ. ಅವನ ಕೂಲಿಯಿಂದ ವಂತಿಗೆ ಮಾತ್ರ ತಪ್ಪದೆ ಮುರಿಯುತ್ತಿತ್ತು.

ಉಭಯರನ್ನೂ ಒಂದೇ ಪೀಠದಲ್ಲಿ ಕೂಡಿಸುವ ಏರ್ಪಾಡು ಇರಲಿಲ್ಲವೆಂದಲ್ಲ. ನಿಗಮದ ಸಭೆಯಲ್ಲಿ ರಾಜ್ಯಗಳ, ಮಾಲಿಕರ, ಕಾರ್ಮಿಕರ, ವೈದ್ಯರ ಪ್ರತಿನಿಧಿಗಳಿದ್ದರು. ವೈದ್ಯೋಪಚಾರ ಮಂಡಲಿಯೊಂದು ಬೇರೆಯೇ ಇದ್ದು, ಅದರಲ್ಲಿ ವೈದ್ಯವೃತ್ತಿಯ ಪ್ರತಿನಿಧಿಗಳಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕೆಂಬ ವಿಧಿಯಿತ್ತು. ಆದರೆ ಮಂಡಲಿಯದು ಸಲಹೆಯ ಕೆಲಸ. ಅದಕ್ಕಿಂತ ಬಲವಾದ ಕ್ರಮವು 1966ರ ತಿದ್ದುಪಡಿಯಲ್ಲಿ ಕಾಣಬರುತ್ತದೆ: ರಾಜ್ಯದೊಡನೆ ಸಮಾಲೋಚಿಸಿ ನಿಗಮವೇ ಚಿಕಿತ್ಸೆಯ ಹೊಣೆಯನ್ನು ವಹಿಸಬಹುದೆಂದು ಅದು ವಿಧಿಸಿತು. 2010ರ ತಿದ್ದುಪಡಿಯು ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಟು, ಕೇಂದ್ರದ ಪೂರ್ವಾನುಮತಿಯಿಂದ ರಾಜ್ಯವೇ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿ ಚಿಕಿತ್ಸೆಯನ್ನು ಅದಕ್ಕೊಪ್ಪಿಸಲು ಎಡೆಗೊಟ್ಟಿತು. 1948ರ ಕಾಯಿದೆಯು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿ, ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಬೆಂಗಳೂರಿನಲ್ಲಿಯಾದರೋ ಹಳೆಯ ಹಂಚಿಕೆಯ ಗುರುತು ಕಟ್ಟಡಗಳಲ್ಲಿಯೇ ಉಳಿದಿದೆ: ರಾಜಾಜಿನಗರದ ಆಸ್ಪತ್ರೆಯನ್ನು ನಿಗಮವು ತಾನೇ ವಹಿಸಿಕೊಂಡಿತು, ಇಂದಿರಾನಗರದ್ದು ರಾಜ್ಯದ ಪಾಲಿಗೆ ಉಳಿಯಿತು.