ಪಕ್ಕಿ, ವಕ್ಕಿ, ಹಕ್ಕಿ

ಗುರುಮಠಕಲ್ ಸಂತೆಯಲ್ಲಿ ಕಾಯಿಪಲ್ಯದ ಜೊತೆಗೆ ಎರಡು ಭಾಷೆಗಳ ಕೊಡುಕೊಳ್ಳುವಿಕೆಯೂ ನಡೆಯುತ್ತದೆ. ನಾರಾಯಣಪೇಟೆ ಕಡೆಯಿಂದ ಬಂದಾಕೆ ‘ಪಾಲು’ ಅಂದರೆ ಈ ಕಡೆಯಾಕೆ ‘ಹಾಲು’ ಅನ್ನುತ್ತಾಳೆ. ಅವರ ಪುವ್ವು ನಮ್ಮ ಹೂವು, ಅವರ ಪಲ್ಲು ನಮ್ಮ ಹಲ್ಲು. ಪಂದಿಗೆ ಹಂದಿ, ಪುಲಿಗೆ ಹುಲಿ, ಪಾಮಿಗೆ ಹಾವು. ಊರಿನ ಹೆಸರುಗಳೂ ಹಾಗೆಯೇ: ಗಡಿಯಾಚೆ ಪಲ್ಲಿ, ಈಚೆ ಹಳ್ಳಿ. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು ಎಂಬ ವ್ಯಾಕರಣದ ಪಾಠ ಈ ಅಂಚಿನಲ್ಲಿ ಬೆಳೆದವರಿಗೆ ಪುಸ್ತಕಕ್ಕಿಂತ ಮೊದಲು ಕಿವಿಗೆ ಬಿದ್ದಿರುತ್ತದೆ.

ಒಂದು ಪದಕ್ಕೆ ಮಾತ್ರ ಸಂತೆಯಲ್ಲಿ ಜೋಡಿ ಸಿಗುವುದಿಲ್ಲ. ನಮ್ಮ ‘ಹಕ್ಕಿ’ಗೆ ತೆಲುಗಿನವರು ‘ಪಿಟ್ಟ’ ಅನ್ನುತ್ತಾರೆ. ‘ಪಕ್ಕಿ’ ತೆಲುಗು ನಿಘಂಟುಗಳಲ್ಲಿ ಇದೆ, ಆದರೆ ಆಡುಮಾತಿನಲ್ಲಿ ಕೇಳಿಬರುವುದು ಪಿಟ್ಟವೇ. ಹಾಗಾಗಿ ‘ಹಕ್ಕಿ’ ಹುಟ್ಟಿದಾಗಿನಿಂದಲೂ ಹಕ್ಕಿಯೇ ಆಗಿತ್ತೇನೋ, ಅದು ನಮ್ಮ ಮಣ್ಣಿನದೇ ಮಾತೇನೋ ಎಂದು ಅನ್ನಿಸಿಬಿಡುವುದು ಸಹಜ.

ಅದು ಬಂದದ್ದು ದೂರದಿಂದ. ಸಂಸ್ಕೃತದಲ್ಲಿ ಪಕ್ಷ ಎಂದರೆ ರೆಕ್ಕೆ, ಬದಿ, ಪಕ್ಷವುಳ್ಳದ್ದು ಪಕ್ಷಿ. ಪ್ರಾಕೃತಗಳ ಬಾಯಲ್ಲಿ ಅದು ‘ಪಕ್ಖಿ’ ಆಯಿತು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಎರಡನೆಯ ಸ್ತಂಭಶಾಸನದಲ್ಲಿ, ಎರಡು ಕಾಲಿನ, ನಾಲ್ಕು ಕಾಲಿನ ಜೀವಿಗಳಿಗೂ ಹಕ್ಕಿಗಳಿಗೂ ಜಲಚರಗಳಿಗೂ ತಾನು ಒಳಿತು ಮಾಡಿದ್ದೇನೆ ಎಂದು ದೊರೆ ಹೇಳುವಲ್ಲಿ ‘ಪಖಿ’ ಎಂಬ ರೂಪವೇ ಇದೆ. ‘ಕ್ಖ’ದಂಥ ದ್ವಿತ್ವವನ್ನು ಬರೆಯುವ ರೂಢಿ ಆಗ ಇರಲಿಲ್ಲ. ಅದೇ ದೊರೆಯ ಶಾಸನಗಳನ್ನು ಕೊರೆದ ಕಲ್ಲು ನಮ್ಮ ನೆರೆಯ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ದೇವಿಯ ಪೀಠದ ಕಲ್ಲಾಗಿ ಇತ್ತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪದ ಜೊತೆಗೆ ‘ರಾಯ ಅಸೋಕೋ’ ಎಂಬ ಬರಹವೂ ಸಿಕ್ಕಿತು. ಸನ್ನತಿಯ ಕಲ್ಲಿನಲ್ಲಿ ಹಕ್ಕಿಯ ಮಾತಿಲ್ಲ, ನಿಜ. ಆದರೆ ಎರಡು ಸಾವಿರ ವರ್ಷದ ಹಿಂದೆ ಭೀಮೆಯ ದಂಡೆಯಲ್ಲಿ ಪ್ರಾಕೃತ ಬರೆಯುವವರೂ ಓದುವವರೂ ಇದ್ದರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಪ್ರಾಕೃತದ ಮೂಲಕವೇ ಕನ್ನಡದಲ್ಲಿ ರಾಕ್ಷಸ ರಕ್ಕಸನಾದ, ಯಕ್ಷ ಜಕ್ಕನಾದ, ಅಕ್ಷರ ಅಕ್ಕರವಾಯಿತು. ಪಕ್ಷಿ ಪಕ್ಕಿಯಾದದ್ದು ಇದೇ ಹಾದಿಯಲ್ಲಿ. ಮರಾಠಿಯ ‘ಪಾಖರೂ’ ಕೂಡ ಇದೇ ಮನೆತನದ್ದು.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಹಾರುವ ಕ್ರಿಯೆಗೆ ಕನ್ನಡ ತನ್ನದೇ ದ್ರಾವಿಡ ಧಾತುವನ್ನು ಉಳಿಸಿಕೊಂಡಿತು: ಪಾಱು. ತಮಿಳರು ಅದರ ಬಳಗದ ಧಾತುವಿನಿಂದಲೇ ಹಕ್ಕಿಗೆ ‘ಪಱವೈ’ ಎಂದು ಹೆಸರಿಟ್ಟರು. ನಾವು ಹೆಸರನ್ನು ಪ್ರಾಕೃತದಿಂದ ತಂದೆವು, ಹಾರಾಟವನ್ನು ನಮ್ಮದಾಗಿಯೇ ಇಟ್ಟುಕೊಂಡೆವು. ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಪಕಾರ ಸಡಿಲಗೊಂಡು ಹಕಾರ ಅಲ್ಲಲ್ಲಿ ತಲೆಹಾಕಿತು. ಮುಂದಿನ ಮೂರ್ನಾಲ್ಕು ಶತಮಾನಗಳಲ್ಲಿ ಅದೇ ಗೆದ್ದಿತು. ಪಾಱು ಹಾರು ಆಯಿತು, ಪಕ್ಕಿ ಹಕ್ಕಿ ಆಯಿತು. ತಂದದ್ದು, ಇದ್ದದ್ದು ಎಂಬ ಭೇದವನ್ನು ನಾಲಿಗೆ ಮಾಡಲಿಲ್ಲ.

ಆದರೆ ಪದ ಒಂಟಿಯಾಗಿದ್ದಾಗ ನಡೆದ ಕತೆ ಇದು. ಸಮಾಸದೊಳಗೆ ಸಿಕ್ಕ ಪಕಾರದ ಗತಿ ಬೇರೆ. ಪ, ಬ, ಮಗಳಿಗೆ ವಕಾರ ಆದೇಶವಾಗಿ ಬರುತ್ತದೆ ಎಂಬುದು ಹಳಗನ್ನಡ ಸಂಧಿಯ ಹಳೆಯ ಕಟ್ಟಳೆ. ಎಣೆ ಮತ್ತು ಪಕ್ಕಿ ಸೇರಿ ಎಣೆವಕ್ಕಿ. ಜೋಡಿಯಾಗಿ ಬಾಳುವ ಚಕ್ರವಾಕಕ್ಕೆ ಅದೇ ಹೆಸರು. ಅದನ್ನೇ ಜಕ್ಕವಕ್ಕಿ ಎಂದೂ ಕರೆದರು. ಈ ವಕಾರ ಎಷ್ಟು ಹಳೆಯದು ಎಂದು ತಿಳಿಯಲು ಹಲ್ಮಿಡಿ ಶಾಸನವನ್ನು ನೋಡಬೇಕು. ಸುಮಾರು ಕ್ರಿ.ಶ. 450ರ ಆ ಕಲ್ಲಿನಲ್ಲಿ ಹಲ್ಮಿಡಿಯ ಹೆಸರು ಪಕಾರದಿಂದಲೇ ಶುರುವಾಗುತ್ತದೆ. ಅದರ ಮಗ್ಗುಲಿಗೇ ಇರುವ ಇನ್ನೊಂದು ಊರು ಮೂಳಿವಳ್ಳಿ. ಪಳ್ಳಿ ಅಲ್ಲಿ ಆಗಲೇ ವಳ್ಳಿಯಾಗಿದೆ. ಅಂದರೆ ಪಕಾರ ಹಕಾರವಾಗುವುದಕ್ಕೆ ಐದು ಶತಮಾನ ಮೊದಲೇ ಈ ಸಂಧಿ ರೂಢಿಯಲ್ಲಿತ್ತು. ‘ವಕ್ಕಿ’ ನಮ್ಮ ‘ಹಕ್ಕಿ’ಗಿಂತ ಹಿರಿಯಳು.

ಇಷ್ಟೆಲ್ಲ ಓದಿ ತಿಳಿದಿದ್ದರೂ ಬದುಕಿರುವ ‘ಪಕ್ಕಿ’ಯನ್ನು ನಾನು ಕೇಳಿದ್ದು ಸನ್ನತಿಯಲ್ಲೂ ಅಲ್ಲ, ಸಂತೆಯಲ್ಲೂ ಅಲ್ಲ, ಕಡಲಿನ ಮೇಲೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಮಲ್ಪೆಯಿಂದ ಆಳ ನೀರಿಗೆ ಹೊರಟ ದೋಣಿಯೊಂದರಲ್ಲಿ ಪರಿಚಯದವರ ಜೊತೆ ಹೋಗಿದ್ದೆ. ದಡ ಮುಳುಗಿ ಬಹಳ ಹೊತ್ತಾಗಿತ್ತು. ಬಲೆ ಎಳೆಯುವಾಗ ಚೆಲ್ಲಿದ ಮೀನಿನ ಚೂರುಗಳಿಗೆ ಕಪ್ಪನೆಯದೊಂದು ಸಣ್ಣ ಜೀವ ಎಲ್ಲಿಂದಲೋ ಬಂತು. ಬಾಲದ ಬುಡದಲ್ಲಿ ಬಿಳಿ ಪಟ್ಟೆ, ಜೋತುಬಿದ್ದ ಉದ್ದ ಕಾಲು. ಅದು ಈಜಲಿಲ್ಲ, ಮುಳುಗಲೂ ಇಲ್ಲ. ರೆಕ್ಕೆ ಬಿಚ್ಚಿ, ಪಾದಗಳಿಂದ ನೀರನ್ನು ತಟ್ಟುತ್ತ ಅಲೆಯ ಮೇಲೆ ನಡೆಯಿತು. ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದಾಗ ಬೆರಳುಗಳ ನಡುವಿನ ಹಳದಿ ಪೊರೆಯೂ ಕಂಡಿತು.

“ತೂಲೆ, ಪಕ್ಕಿ!” ಎಂದರು ಬಲೆ ಹಿಡಿದಿದ್ದವರು. ತುಳುವಿನಲ್ಲಿ ‘ತೂಲೆ’ ಎಂದರೆ ನೋಡಿ.

“ಏನ್ ಹಕ್ಕಿರಿ ಅಣ್ಣಾ ಅದು?” ಎಂದು ನಾನು ಕೇಳಿದೆ.

“ಹೊರಗಿನ ಕಡಲಿನದ್ದು ಮಾರಾಯ್ರೆ. ದಡಕ್ಕೆ ಬರುದಿಲ್ಲ ಅದು.”

ಪಕ್ಷಿತಜ್ಞರು ಅದನ್ನು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಎನ್ನುತ್ತಾರೆ. ತೂಕ ನಲವತ್ತು ಗ್ರಾಂ ಆಸುಪಾಸು. ಮರಿ ಮಾಡುವುದು ಅಂಟಾರ್ಕ್ಟಿಕಾದ ಕರಾವಳಿಯಲ್ಲಿ, ಅದರ ಸುತ್ತಲಿನ ದ್ವೀಪಗಳ ಬಂಡೆಬಿರುಕುಗಳಲ್ಲಿ. ಅಲ್ಲಿ ಚಳಿಗಾಲ ಕವಿದಾಗ ಸಮಭಾಜಕ ವೃತ್ತ ದಾಟಿ ಉತ್ತರಕ್ಕೆ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಅರಬ್ಬಿ ಸಮುದ್ರದಲ್ಲಿರುತ್ತದೆ. ಲೋಕದಲ್ಲಿ ಅವುಗಳ ಸಂಖ್ಯೆ ದೊಡ್ಡದೇ. ಆದರೆ ದಡದಲ್ಲಿ ನಿಂತವರ ಕಣ್ಣಿಗೆ ಅದು ಬೀಳುವುದು ಅಪರೂಪ, ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ದಂಡೆಯಲ್ಲಿ ಹಕ್ಕಿ ನೋಡಿ ಬೆಳೆದ ನನ್ನಂಥವರಿಗಂತೂ ಸಿಗದ ಭಾಗ್ಯ.

ಆ ಹೊತ್ತಿನಲ್ಲಿ ನನ್ನ ಮೈ ನಡುಗಿಸಿದ್ದು ಆ ಜೀವ ಮತ್ತು ಆ ಮಾತು, ಎರಡೂ. ತುಳುವಿಗೆ ಪಕಾರದ ಪಲ್ಲಟ ತಗಲಲೇ ಇಲ್ಲ. ಹುಲಿ ಅಲ್ಲಿ ಪಿಲಿ, ಹೂವು ಪೂ, ಹಂದಿ ಪಂಜಿ. ಹಕ್ಕಿಯೂ ಪಕ್ಕಿಯಾಗಿಯೇ ಉಳಿಯಿತು. ಪಂಪನ ಕಾಲದವರ ಬಾಯಲ್ಲಿದ್ದ ಆ ರೂಪವನ್ನು ಹಳಗನ್ನಡದ ಪುಟಗಳಲ್ಲಷ್ಟೇ ಕಂಡಿದ್ದೆ. ಅದು ಮಲ್ಪೆಯ ದೋಣಿಯ ಮೇಲೆ, ಬೆವರು ಒರೆಸಿಕೊಳ್ಳುತ್ತ ನಿಂತವರ ಬಾಯಲ್ಲಿ, ದಿನಬಳಕೆಯ ಮಾತಾಗಿ ಓಡಾಡುತ್ತಿದೆ.

ಈ ಪದದ ಬಳಗ ಇನ್ನೂ ದೊಡ್ಡದು. ಪಕ್ಷದಿಂದ ಬಂದ ‘ಪಕ್ಕ’ ಹಕಾರಕ್ಕೆ ಒಲಿಯದೆ ಇವತ್ತಿಗೂ ಪಕ್ಕವಾಗಿಯೇ ಇದೆ. ಪಕ್ಕೆಲುಬಿನಲ್ಲಿ ಅದು ನಮ್ಮ ಮೈಯೊಳಗೇ ಕೂತಿದೆ. ಬೆಳ್ಳಕ್ಕಿಯಲ್ಲಿ ವಕಾರವೂ ಇಲ್ಲ, ಹಕಾರವೂ ಇಲ್ಲ. ‘ಪಕ್ಷಿ’ ಎಂಬ ತತ್ಸಮ ಸರಕಾರದ ಮನೆ ಸೇರಿತು: ಬೋನಾಳವನ್ನು ಪಕ್ಷಿಧಾಮ ಎನ್ನುತ್ತಾರೆ, ಹಕ್ಕಿಧಾಮ ಎನ್ನುವುದಿಲ್ಲ. ಹೊಲದಲ್ಲಿ ಜೋಳದ ತೆನೆ ಕಾಯುವವರು ಓಡಿಸುವುದು ಮಾತ್ರ ಹಕ್ಕಿಗಳನ್ನೇ.

‘ಪೆಟ್ರೆಲ್’ ಎಂಬುದಕ್ಕೂ ಒಂದು ನಿರುಕ್ತಿ ಇದೆ. ಬೈಬಲ್ಲಿನ ಪೀಟರ್ ನೀರಿನ ಮೇಲೆ ನಡೆದನಲ್ಲ, ಅವನ ಹೆಸರಿನಿಂದ ಬಂದದ್ದು ಎಂದು ಯುರೋಪಿನ ನಾವಿಕರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಆ ನಡಿಗೆಯನ್ನು ಕಂಡವರಿಗೆ ಅದು ಒಪ್ಪಿಗೆಯಾಗುತ್ತದೆ. ಆದರೆ ಕನ್ನಡದಲ್ಲಿ ಇದನ್ನು ಇಂಗ್ಲಿಷಿನ ಹೆಸರಿನಲ್ಲೇ ಕರೆಯುತ್ತ ಕೂರಬೇಕಾಗಿಲ್ಲ. ಎಣೆವಕ್ಕಿ, ಜಕ್ಕವಕ್ಕಿಗಳನ್ನು ಕಟ್ಟಿದ ಸಂಧಿ ಇನ್ನೂ ನಮ್ಮ ಕೈಯಲ್ಲಿದೆ. ತೆರೆಗೂ ‘ಅಲೆ’ ಎನ್ನುತ್ತೇವೆ, ತಿರುಗಾಟಕ್ಕೂ ‘ಅಲೆ’ ಎನ್ನುತ್ತೇವೆ. ತೆರೆಯ ಮೇಲೆ ನಡೆಯುತ್ತ ಅಂಟಾರ್ಕ್ಟಿಕಾದಿಂದ ಅರಬ್ಬಿ ಸಮುದ್ರದವರೆಗೆ ತಿರುಗುವ ಈ ಜೀವಕ್ಕೆ ಎರಡೂ ಅರ್ಥ ಸಲ್ಲುತ್ತವೆ. ಅಲೆವಕ್ಕಿ ಎಂದು ಕರೆಯೋಣ ಎಂಬುದು ನನ್ನ ಬಿನ್ನಹ.