ಚೆಲುವೆಯರ ಅಚ್ಚಿನ ಪಟ: ಎಡೋದಿಂದ ಅಂಕೋಲೆಯವರೆಗೆ

ಕಾರವಾರ, ಅಂಕೋಲೆಗಳ ಹಳೆಯ ಮನೆಗಳ ಪಡಸಾಲೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಒಬ್ಬಿಬ್ಬರು ಚೆಲುವೆಯರಿಗೂ ಜಾಗವಿರುತ್ತಿತ್ತು. ಹಂಸದ ಮಾತಿಗೆ ಕಿವಿಗೊಟ್ಟ ದಮಯಂತಿ, ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ಹಿಂದಿರುಗಿ ನೋಡುವ ಶಕುಂತಲೆ, ಆಚೆ ಗೋಡೆಗೆ ಬಟ್ಟೆ ಅಂಗಡಿಯವರು ದೀಪಾವಳಿಗೆ ಕೊಟ್ಟ ಕ್ಯಾಲೆಂಡರಿನ ಹುಡುಗಿ. ಅಚ್ಚಾಗಿ ಮನೆ ಸೇರಿದ ಈ ಹೆಣ್ಣುಗಳ ಚರಿತ್ರೆಯನ್ನು ಶೈಲಿಯ ಹಾದಿಯಲ್ಲಿ ಹೇಳುವವರು ಬಹಳ ಮಂದಿ ಇದ್ದಾರೆ. ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ: ಪಟಕ್ಕೆ ಮುಖ ಕೊಟ್ಟವಳು ಯಾರು, ಅವಳ ಹೆಸರು ಪಟದ ಜೊತೆ ಉಳಿಯಿತೇ?

ಈ ಪ್ರಶ್ನೆಯನ್ನು ಒಂದು ಸರಕಾರವೇ ಕೈಗೆತ್ತಿಕೊಂಡದ್ದು ಜಪಾನಿನಲ್ಲಿ. ಇಂದಿನ ಟೋಕಿಯೋ ಆಗ ಎಡೋ. ಅಲ್ಲಿ ಮರದ ಅಚ್ಚಿನಲ್ಲಿ ತೆಗೆದ ಚೆಲುವೆಯರ ಪಟಗಳಿಗೆ ‘ಬಿಜಿನ್‌ಗ’ ಎನ್ನುತ್ತಾರೆ. 1765ರಲ್ಲಿ ಸುಜುಕಿ ಹರುನೊಬು ಪೂರ್ಣ ಬಣ್ಣದ ಅಚ್ಚಿಗೆ ದಾರಿ ಮಾಡಿದ. ಬಣ್ಣಕ್ಕೊಂದು ಹಲಗೆ, ಅದೂ ಚೆರ್ರಿ ಮರದ್ದು. ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆಯಿಂದ ಮಾಡಿದ ಕಾಗದವನ್ನು ತುಸು ತೇವ ಮಾಡಿ ಹಲಗೆಯ ಮೇಲಿಟ್ಟು, ಬಿದಿರಿನ ಪೊರೆ ಸುತ್ತಿದ ಬಿಲ್ಲೆಯಿಂದ ಉಜ್ಜುತ್ತಿದ್ದರು. ಪ್ರತಿ ಹಲಗೆಯ ಅಂಚಿನಲ್ಲಿ ಕೊರೆದ ಗುರುತಿಗೆ ಕಾಗದವನ್ನು ತಾಗಿಸಿದರೆ ಹತ್ತು ಬಣ್ಣವಾದರೂ ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ಬರೆಯುವವ, ಕೊರೆಯುವವ, ಅಚ್ಚು ತೆಗೆಯುವವ, ಹಣ ಹೂಡುವ ಪ್ರಕಾಶಕ ಎಂದು ನಾಲ್ವರ ಕೆಲಸ ಅದು. ನಮಗೆ ಸಾಮಾನ್ಯವಾಗಿ ತಿಳಿಯುವುದು ಬರೆದವನ ಹೆಸರು ಮಾತ್ರ.

ಹರುನೊಬು ಮತ್ತೆ ಮತ್ತೆ ಬರೆದ ಓಸೆನ್, ಕಾಸಾಮೋರಿ ಗುಡಿಯ ಬಳಿಯ ಚಹಾದಂಗಡಿಯ ಹುಡುಗಿ. ಪಟ ಹರಡಿದಂತೆ ಅವಳನ್ನು ನೋಡಲೆಂದೇ ಜನ ಅಂಗಡಿಗೆ ಬಂದರು. ಮುಂದೆ ಕಿತಾಗಾವಾ ಉತಾಮಾರೊ ದೇಹವನ್ನು ಬಿಟ್ಟು ಮುಖದ ಹತ್ತಿರ ಬಂದ. 1793ರ ಸುಮಾರಿನ ಅವನ ‘ಮೂವರು ಚೆಲುವೆಯರು’ ಪಟದಲ್ಲಿರುವ ಓಕಿತಾ, ಓಹಿಸಾ ಎಂಬಿಬ್ಬರು ಚಹಾದಂಗಡಿಯವರು, ಟೊಯೊಹಿನಾ ಹಾಡುಗಾರ್ತಿ. ಮೊದಲ ನೋಟಕ್ಕೆ ಮೂರೂ ಮುಖ ಒಂದೇ. ತಡೆದು ನೋಡಿದರೆ ಒಬ್ಬಳ ಮೂಗಿನ ಏರು, ಇನ್ನೊಬ್ಬಳ ಕೆನ್ನೆಯ ತುಂಬು ಬೇರೆಯಾಗಿ ಕಾಣುತ್ತವೆ. ಈ ಸೂಕ್ಷ್ಮವೇ ಉತಾಮಾರೊನ ದೊಡ್ಡತನ ಎಂದು ನಾನು ನಂಬಿದ್ದೇನೆ.

ಚಹಾದಂಗಡಿಯ ಹುಡುಗಿಯರು ಹೀಗೆ ಹೆಸರಾಗುವುದನ್ನು ಅಧಿಕಾರ ಸಹಿಸಲಿಲ್ಲ. ಗಣಿಕೆಯರನ್ನು ಬಿಟ್ಟು ಬೇರೆ ಹೆಂಗಸರ ಹೆಸರು ಪಟದ ಮೇಲೆ ಇರಕೂಡದೆಂದು 1793ರಲ್ಲಿ ಆಜ್ಞೆಯಾಯಿತು. ಉತಾಮಾರೊ ಸುಮ್ಮನಾಗದೆ ಹೆಸರಿನ ಉಚ್ಚಾರವನ್ನು ಚಿತ್ರದ ಒಗಟಾಗಿ ಪಟದ ಮೂಲೆಯಲ್ಲಿ ಅಡಗಿಸಿದ. 1796ರಲ್ಲಿ ಒಗಟಿಗೂ ನಿಷೇಧ ಬಂತು, 1800ರಲ್ಲಿ ಮುಖವನ್ನೇ ದೊಡ್ಡದಾಗಿ ತೋರಿಸುವ ಪಟಗಳಿಗೆ. ಹೆಸರಿಗೆ ಅನುಮತಿ ಉಳಿದದ್ದು ಗಣಿಕೆಯರ ಕೇರಿಯಾದ ಯೋಶಿವಾರಾದ ಹೆಂಗಸರಿಗೆ. ಅವರಲ್ಲಿ ಹಲವರು ಬಡ ಮನೆಗಳಿಂದ ಸಾಲಕ್ಕೆ ಮಾರಾಟವಾಗಿ ಬಂದವರು, ಅವರ ಹೆಸರೂ ಕೇರಿಯ ಒಡೆಯರು ಕೊಟ್ಟದ್ದು. ರೇಶಿಮೆ ನಿಲುವಂಗಿಯ ಆ ಪಟಗಳನ್ನು ನೋಡುವಾಗ ಇದನ್ನು ಮರೆಯಬಾರದು.

ರೂಪ ಕೊಟ್ಟವಳ ಹೆಸರು ಉಳಿಯದಿರುವುದಕ್ಕೆ ನಮ್ಮಲ್ಲಿ ಕಲ್ಲಿನ ಕೆತ್ತನೆಯ ಕಾಲದಲ್ಲಿಯೇ ಇನ್ನೊಂದು ಉದಾಹರಣೆಯಿದೆ. 1117ರ ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಕನ್ನಡಿ ಹಿಡಿದವಳಿಗೆ ಹೆಸರಿಲ್ಲ.

ಘಟ್ಟದ ಕೆಳಗಿನ ಉತ್ತರ ಕನ್ನಡಕ್ಕೆ ಅಚ್ಚಿನ ಚೆಲುವೆಯರು ಬಂದದ್ದು ಮುಖ್ಯವಾಗಿ ಮುಂಬಯಿಯಿಂದ. 1862ರಲ್ಲಿ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ನೌಕರಿ, ವ್ಯಾಪಾರ, ಓದು ಎಲ್ಲವೂ ಆ ಕಡೆಗೆ ತಿರುಗಿದವು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ತೆರೆದರು; ಕೆಲವು ವರ್ಷಗಳ ನಂತರ ಅದು ಲೋಣಾವಳೆಯ ಹತ್ತಿರದ ಮಳವಳಿಗೆ ಹೋಯಿತು, ಆಮೇಲೆ ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞರ ಕೈಗೆ. ಇಲ್ಲಿ ಮರದ ಬದಲು ಕಲ್ಲು, ಆದರೆ ಕ್ರಮ ಎಡೋದ್ದೇ: ಬಣ್ಣಕ್ಕೊಂದು ಕಲ್ಲು, ಒಂದರ ಮೇಲೊಂದು ಅಚ್ಚು. ಅರಮನೆಯ ತೈಲಚಿತ್ರದ ಶಕುಂತಲೆ ಹೀಗೆ ಕೆಲವು ಆಣೆಗೆ ಬಡವರ ಮನೆಗೂ ಬಂದಳು. ಮನೆಯ ಹೆಂಗಸರು ಆ ಪಟದ ಸೀರೆಗೆ ಜರಿ ಅಂಟಿಸಿ, ಮಣಿ ಹೊಲಿದು, ಕಟ್ಟು ಹಾಕಿಸುತ್ತಿದ್ದರು. ಅಚ್ಚಿನಲ್ಲಿ ಸಾವಿರ ಪ್ರತಿ ಒಂದೇ ಆಗಿದ್ದರೂ ಹೀಗೆ ಮನೆಗೊಂದು ಬೇರೆ ಶಕುಂತಲೆಯಾದಳು. ಈ ಕೈಕೆಲಸಕ್ಕೆ ಕಲಾಚರಿತ್ರೆಯಲ್ಲಿ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ರವಿವರ್ಮರಿಗೆ ರೂಪದರ್ಶಿಯರಾದವರಲ್ಲಿ ಗೋವೆಯ ಕಲಾವಂತ ಸಮುದಾಯದವರು ಇದ್ದರು. ಭೇಂಡಿಬಜಾರ್ ಘರಾಣೆಯ ಗಾಯಕಿ ಅಂಜನಿಬಾಯಿ ಮಾಲ್ಪೇಕರ್ ಅವರಲ್ಲಿ ಒಬ್ಬರೆಂದು ಸಂಗೀತದ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಕಾಳಿ ನದಿ ದಾಟಿದರೆ ಸದಾಶಿವಗಡ, ಅಲ್ಲಿಂದ ಗೋವೆಯ ಗಡಿ ಎಷ್ಟು ದೂರ? ಕಾರವಾರದ ಗೋಡೆಯ ಮೇಲಿನ ಪುರಾಣದ ನಾಯಕಿಯ ಮುಖ ನೆರೆಯೂರಿನ ಹಾಡುಗಾರ್ತಿಯದಾಗಿರುವುದು ಸಾಧ್ಯವಿತ್ತು. ಆದರೆ ಪಟದ ಕೆಳಗೆ ಇದ್ದದ್ದು ಮೋಹಿನಿ, ದಮಯಂತಿ ಎಂಬ ಹೆಸರು. ಅಂಜನಿಬಾಯಿಯವರ ಹೆಸರು ಉಳಿದದ್ದು ಅವರ ಗಾಯನದಿಂದ. 1958ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಪಡೆದ ಮೊದಲ ಮಹಿಳೆ ಅವರು.

ಜಪಾನಿನ ಕಲೆಯೂ ಕನ್ನಡಕ್ಕೆ ಬರದೆ ಇರಲಿಲ್ಲ. ಬಂದದ್ದು ಕಲ್ಕತ್ತೆಯ ಹಾದಿಯಿಂದ. 1883ರಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು, ಕಡಲ ದಂಡೆಯಲ್ಲಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದ ರವೀಂದ್ರನಾಥ ಠಾಕೂರರ ಮನೆತನವೇ ಅದಕ್ಕೆ ಸೇತುವೆ. 1903ರಲ್ಲಿ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಕಲ್ಕತ್ತೆಗೆ ಬಂದಾಗ ಅದೇ ಮನೆತನದ ಚಿತ್ರಕಾರ ಅವನೀಂದ್ರನಾಥರು ಅವರಿಂದ ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಮೃದುವಾಗಿಸುವ ಕ್ರಮವನ್ನು ಕಂಡುಕೊಂಡರು. ಮೈಸೂರಿನ ಕೆ. ವೆಂಕಟಪ್ಪನವರು ಕಲಿತದ್ದು ಅವನೀಂದ್ರನಾಥರ ಬಳಿ. ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ 1913ರ ಪುರಾಣಕಥೆಗಳ ಪುಸ್ತಕದಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳು ಅಚ್ಚಾದವು. ಆದರೆ ಆ ಮಂಜು ಮುಸುಕಿದ ಚೆಲುವು ಪುಸ್ತಕದ ಪುಟದಲ್ಲಿ ಉಳಿಯಿತು. ಜನ ಗೋಡೆಗೆ ಹಾಕಿದ್ದು ರವಿವರ್ಮರ ಗಟ್ಟಿ ಬಣ್ಣದ ಹೆಣ್ಣುಗಳನ್ನೇ.

ರವಿವರ್ಮರ ನಂತರ ಮುಂಬಯಿಯಲ್ಲಿ ಬಂದ ಚಿತ್ರಕಾರ ಎಂ. ವಿ. ಧುರಂಧರ್. ಐಸಿಎಸ್ ಅಧಿಕಾರಿ ಆಟೊ ರಾತ್‌ಫೆಲ್ಡ್ ಬರೆದ, 1920ರಲ್ಲಿ ಪ್ರಕಟವಾದ ಭಾರತದ ಮಹಿಳೆಯರ ಕುರಿತ ಪುಸ್ತಕಕ್ಕೆ ಅವರು ಬರೆದ ಚಿತ್ರಗಳಲ್ಲಿ ಜಾತಿ, ಪ್ರಾಂತ, ಕಸುಬು ಶೀರ್ಷಿಕೆಯಾಗಿವೆ. ಕೈ ಬಹಳ ನುರಿತದ್ದು, ಬೀದಿಯ ಹೆಂಗಸಿನ ನಿಲುವನ್ನು ಅವರಷ್ಟು ಚೆನ್ನಾಗಿ ಹಿಡಿದವರು ವಿರಳ. ಆದರೂ ಆ ಕ್ರಮ ಗೆಜೆಟಿಯರಿನದು. 1883ರ ಕೆನರಾ ಗೆಜೆಟಿಯರ್ ಜಾತಿಜಾತಿಯ ಉಡುಗೆ ತೊಡುಗೆಯನ್ನು ವಿವರಿಸಿದ್ದು ಹಾಗೆಯೇ.

ಮಡಗಾಂವಿನಲ್ಲಿ ಹುಟ್ಟಿದ ದೀನಾನಾಥ ದಲಾಲ್ 1945ರಿಂದ ನಡೆಸಿದ ಮರಾಠಿಯ ‘ದೀಪಾವಳಿ’ ಪತ್ರಿಕೆಯ ಮುಖಪುಟಗಳಲ್ಲಿ ಹೆಣ್ಣು ಪುರಾಣದಿಂದ ಇಳಿದು ನೆರೆಮನೆಯವಳಾದಳು: ಮುಡಿಗೆ ಹೂ, ಕಚ್ಚೆಸೀರೆ, ತೆಳುವಾದ ಓಡುಗೆರೆ. ಗೋವೆಯವರೇ ಆದ ರಘುವೀರ ಮುಳಗಾಂವಕರ್ ಅವಳ ಮೈಗೆ ಹೊಳಪು ಕೊಟ್ಟರು. ಕಲಬುರಗಿಯ ಎಸ್. ಎಂ. ಪಂಡಿತರು ಸಿನಿಮಾ ಪೋಸ್ಟರಿನ ಬೆಳಕನ್ನು ಕ್ಯಾಲೆಂಡರಿಗೆ ತಂದರು. ರಾಧೆ, ಮೇನಕೆಯರಿಗೆ ತಾರೆಯ ಠೀವಿ ಬಂದದ್ದು ಹೀಗೆ. ಮೂವರಲ್ಲಿ ನನ್ನ ಒಲವು ದಲಾಲರ ಕಡೆಗೆ. ಅವರ ಗೆರೆಯಲ್ಲಿ ಕೊಂಕಣದ ಗಾಳಿಯಿದೆ.

ಕ್ಯಾಮೆರಾ ಬಂದ ಮೇಲೆ ಅಂಕೋಲೆ ತಾನೇ ಚಿತ್ರದ ವಸ್ತುವಾಯಿತು. ಕೊರಳು ತುಂಬ ಕರಿಮಣಿ, ರವಿಕೆಯಿಲ್ಲದೆ ಉಟ್ಟ ಸೀರೆ: ಹಾಲಕ್ಕಿ ಒಕ್ಕಲ ಹೆಂಗಸರ ಛಾಯಾಚಿತ್ರಗಳು ಪ್ರವಾಸದ ಪತ್ರಿಕೆಗಳಲ್ಲಿ, ಪ್ರದರ್ಶನಗಳಲ್ಲಿ ತುಂಬಿದವು. ಅಡಿಬರಹ ಬಹುಪಾಲು ‘ಹಾಲಕ್ಕಿ ಮಹಿಳೆ’. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿನಿಂದ, ಸಾರಾಯಿ ವಿರೋಧಿ ಹೋರಾಟದಿಂದ ಆ ಅಡಿಬರಹವನ್ನು ಬದಲಿಸಿದರು. 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆದ ಚಿತ್ರ ದೇಶವಿಡೀ ಹರಿದಾಡಿದಾಗ ಅದರ ಜೊತೆ ಅವರ ಹೆಸರು, ಊರು, ನೆಟ್ಟು ಬೆಳೆಸಿದ ಗಿಡಗಳ ಕತೆ ಎಲ್ಲವೂ ಹೋದವು. ವಯಸ್ಸಾದ, ದುಡಿದು ಸುಕ್ಕುಗಟ್ಟಿದ ಮುಖವನ್ನು ಜನ ಚೆಲುವೆಂದು ನೋಡಿದರು.

ತುಳಸಿಯವರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಜೊತೆ ಸಾಲಾಗಿ ನಿಂತು ಹಾಡಿದ, ಗುಂಡಿ ತೋಡಿದ ಹೆಂಗಸರೂ ಅವೇ ಛಾಯಾಚಿತ್ರಗಳಲ್ಲಿ ಇದ್ದಾರೆ. ಅವರನ್ನು ಗುರುತಿಸಬಲ್ಲ ಹಿರಿಯರು ಕೇರಿಗಳಲ್ಲಿ ಈಗಲೂ ಸಿಗುತ್ತಾರೆ. ಚಿತ್ರ ತೆಗೆದವರು, ಅಚ್ಚು ಹಾಕಿದವರು ಆ ಹಿರಿಯರ ಬಳಿ ಹೋಗಿ ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆದುಕೊಳ್ಳಬೇಕು.